ಒಂದು ಡ್ರಮ್, ಒಂದು ಸಿಂಥ್, ಒಂದು ಕಂಠ: 'ಡಾಫ್' ಜೋಡಿಯೂ ಇಬಿಎಂ ಸಂಗೀತವೂ

ಹಾಡು ಕೇಳುವ ಆ್ಯಪ್‌ಗಳಲ್ಲಿ ಟೆಕ್ನೋ ಹುಡುಕಿದವರಿಗೆ 'ಇಬಿಎಂ' ಎಂಬ ಹೆಸರಿನ ಪಟ್ಟಿಯೂ ಎದುರಾಗುತ್ತದೆ. ಒತ್ತಿದರೆ ಕೇಳಿಸುವುದು ಹೆಚ್ಚುಕಡಿಮೆ ಇಷ್ಟು: ಎಲ್ಲೂ ನಿಲ್ಲದೆ ಓಡುವ ಒರಟು ಬೇಸ್, ಅದರ ಮೇಲೆ ಗಟ್ಟಿ ಡ್ರಮ್, ಆಜ್ಞೆ ಕೊಟ್ಟಂತೆ ಕೂಗುವ ಒಂದು ದನಿ. ಗಿಟಾರ್ ಇಲ್ಲ, ಪಿಯಾನೊ ಇಲ್ಲ, ಪಲ್ಲವಿ-ಚರಣದ ಏರಿಳಿತವೂ ಅಷ್ಟಾಗಿ ಇಲ್ಲ. ಇದರ ಪೂರ್ತಿ ಹೆಸರು ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್. ಯಂತ್ರದಲ್ಲಿ ಹುಟ್ಟಿ ಮೈಯನ್ನು ಕುಣಿಸುವ ಸಂಗೀತ.

ಈ ಶೈಲಿಗೆ ಅಡಿಪಾಯ ಹಾಕಿದವರನ್ನು ನೆನೆದಾಗ ಮೊದಲು ಬರುವ ಹೆಸರು ಜರ್ಮನಿಯ 'ಡಾಫ್'. ಡಾಯ್ಚ್ ಅಮೆರಿಕಾನಿಷೆ ಫ್ರಾಯ್ಂಡ್‌ಶಾಫ್ಟ್, ಅಂದರೆ 'ಜರ್ಮನ್-ಅಮೆರಿಕನ್ ಸ್ನೇಹ', ಎಂಬುದರ ಮೊಟಕು ರೂಪ ಅದು. ಗಾಬಿ ಡೆಲ್ಗಾಡೊ-ಲೋಪೆಜ್ ಹಾಡುಗಾರ, ರಾಬರ್ಟ್ ಗೋರ್ಲ್ ಡ್ರಮ್ಮರ್. 1981ರಲ್ಲಿ ಇವರ ಹೆಸರು ಯುರೋಪಿನ ತುಂಬ ಹರಡಿದಾಗ ಇಬ್ಬರೂ ಇಪ್ಪತ್ತರ ಹರೆಯದವರು. ಸಂಗೀತದಿಂದ ಏನೇನನ್ನು ತೆಗೆದುಹಾಕಿದರೂ ಅದು ನಿಲ್ಲುತ್ತದೆ ಎಂಬುದನ್ನು ಈ ಜೋಡಿ ಮಾಡಿ ತೋರಿಸಿತು. ಅದನ್ನು ಹೇಗೆ ಮಾಡಿದರು ಎಂಬುದೇ ಈ ಲೇಖನದ ವಿಷಯ.

ಇಬ್ಬರೂ ಬಂದ ದಾರಿ

ಗಾಬಿ ಹುಟ್ಟಿದ್ದು 1958ರಲ್ಲಿ, ಸ್ಪೇನ್‌ನ ಕೊರ್ಡೊಬಾದಲ್ಲಿ. ಆಗ ಅಲ್ಲಿ ಫ್ರಾಂಕೋನ ಸರ್ವಾಧಿಕಾರ. 1966ರಲ್ಲಿ, ಎಂಟನೇ ವಯಸ್ಸಿಗೆ, ಕುಟುಂಬದೊಂದಿಗೆ ಪಶ್ಚಿಮ ಜರ್ಮನಿಗೆ ಬಂದರು. ಯುದ್ಧಾನಂತರದ ಕಾರ್ಖಾನೆಗಳಿಗೆ ಕೈ ಸಾಲದೆ ಜರ್ಮನಿ 1960ರಲ್ಲಿ ಸ್ಪೇನ್ ಜೊತೆ, 1961ರಲ್ಲಿ ಟರ್ಕಿ ಜೊತೆ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಹೊರಗಿನಿಂದ ಬಂದ ಇಂಥ ಕುಟುಂಬಗಳ ಮಕ್ಕಳಿಗೆ ಜರ್ಮನ್ ಕಲಿತ ಭಾಷೆ. ಗಾಬಿಯ ಸಾಲುಗಳು ಮೂರು-ನಾಲ್ಕು ಪದಕ್ಕೆ ಮುಗಿಯುವುದು, ಜಾಹೀರಾತಿನ ಘೋಷಣೆಯಂತೆ ಕೇಳಿಸುವುದು ಇದರಿಂದಲೂ ಇರಬಹುದು.

ಗೋರ್ಲ್ ಅವರ ದಾರಿ ಪೂರ್ತಿ ಬೇರೆ. 1955ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿ, ಔಗ್ಸ್‌ಬುರ್ಗ್‌ನ ಸಂಗೀತ ಶಾಲೆಯಲ್ಲಿ ಶಾಸ್ತ್ರೀಯ ತಾಳವಾದ್ಯ ಕಲಿತರು. ಬಳಿಕ ಆಸ್ಟ್ರಿಯದ ಗ್ರಾಟ್ಸ್‌ನಲ್ಲಿ ಜಾಝ್ ಅಭ್ಯಾಸ. ಪಂಕ್, ಅಂದರೆ ಒರಟಾದ, ಸರಳವಾದ ರಾಕ್ ಸಂಗೀತದ ಬ್ಯಾಂಡಿನಲ್ಲಿ ಇಷ್ಟು ಪಳಗಿದ ಕೈ ಸಿಗುವುದು ಅಪರೂಪ. ಯಂತ್ರದ ಎದುರು ಕೂತು ಐದು ನಿಮಿಷ ಲಯ ತಪ್ಪದೆ ಬಾರಿಸುವುದು ಪಂಕ್ ಹುಮ್ಮಸ್ಸಿನಿಂದಷ್ಟೇ ಆಗುವ ಕೆಲಸವಲ್ಲ.

ಇಬ್ಬರೂ ಕೂಡಿದ್ದು 1978ರಲ್ಲಿ, ಡಸೆಲ್‌ಡಾರ್ಫ್ ನಗರದ ರಾಟಿಂಗರ್ ಹೋಫ್ ಎಂಬ ಪಬ್‌ನ ಸುತ್ತಮುತ್ತ. ಆ ಊರಿನ ಪಂಕ್ ಹುಡುಗರು, ಕಲಾಶಾಲೆಯ ವಿದ್ಯಾರ್ಥಿಗಳು ಎಲ್ಲರೂ ಸೇರುತ್ತಿದ್ದ ಜಾಗ ಅದು. ಗಾಬಿ ಅದಕ್ಕೂ ಮೊದಲು 'ಮಿಟಾಗ್ಸ್‌ಪೌಸೆ' ಎಂಬ ಪಂಕ್ ತಂಡದಲ್ಲಿ ಇದ್ದವರು.

ಹೆಸರಿನಲ್ಲಿ ವ್ಯಂಗ್ಯವಿದೆ. ಪಶ್ಚಿಮ ಜರ್ಮನಿಯಲ್ಲಿ ಅಮೆರಿಕದ ಸೇನಾ ನೆಲೆಗಳಿದ್ದವು. ಎರಡು ದೇಶಗಳ ಸ್ನೇಹದ ಹೆಸರಲ್ಲಿ ಸರ್ಕಾರಿ ಉತ್ಸವಗಳು ನಡೆಯುತ್ತಿದ್ದವು. ಗೋಡೆಯ ಆ ಬದಿಯ ಪೂರ್ವ ಜರ್ಮನಿಯಲ್ಲಿ ಸೋವಿಯತ್ ಸ್ನೇಹಕ್ಕೆಂದೇ ಒಂದು ಸಂಘವಿತ್ತು. ಆ ಅಧಿಕೃತ ಭಾಷೆಯನ್ನೇ ಎತ್ತಿ ಪಂಕ್ ತಂಡಕ್ಕೆ ಹಚ್ಚಿದರು.

ಐವರಿಂದ ಇಬ್ಬರಿಗೆ

ಡಾಫ್ ಮೊದಲಿಗೆ ಜೋಡಿಯಾಗಿರಲಿಲ್ಲ. ಗಿಟಾರ್‌ಗೆ ವೋಲ್ಫ್‌ಗಾಂಗ್ ಸ್ಪೆಲ್ಮಾನ್ಸ್, ಬೇಸ್‌ಗೆ ಮಿಖಾಯೆಲ್ ಕೆಮ್ನರ್, ಎಲೆಕ್ಟ್ರಾನಿಕ್ಸ್‌ಗೆ 'ಪಿರೊಲಾಟರ್' ಎಂದೇ ಹೆಸರಾದ ಕುರ್ಟ್ ಡಾಲ್ಕೆ, ಅವರ ನಂತರ ಕ್ರಿಸ್ಲೊ ಹಾಸ್. 1979ರ ಮೊದಲ ಆಲ್ಬಂನಲ್ಲಿ ಹಾಡುಗಾರಿಕೆಯೇ ಇಲ್ಲ, ಬರೀ ವಾದ್ಯಗಳ ಗದ್ದಲ. ನಂತರ ಲಂಡನ್‌ಗೆ ಹೋದರು. ಅಲ್ಲಿ ಡೇನಿಯಲ್ ಮಿಲ್ಲರ್ ಹೊಸದಾಗಿ ಕಟ್ಟುತ್ತಿದ್ದ ಮ್ಯೂಟ್ ರೆಕಾರ್ಡ್ಸ್ ಇವರನ್ನು ಸೇರಿಸಿಕೊಂಡಿತು. ಆ ಸಂಸ್ಥೆಯ ಪಟ್ಟಿಯಲ್ಲಿ ಮೊದಲ ಕ್ರಮಸಂಖ್ಯೆ ಪಡೆದ ಆಲ್ಬಂ ಡಾಫ್‌ನದೇ: 1980ರ 'ಡೀ ಕ್ಲೈನೆನ್ ಉಂಡ್ ಡೀ ಬೋಸೆನ್'. ಒಂದು ಬದಿ ಸ್ಟುಡಿಯೊದ್ದು, ಇನ್ನೊಂದು ಬದಿ ಲಂಡನ್‌ನ ಕಾರ್ಯಕ್ರಮದ ಧ್ವನಿಮುದ್ರಣ.

ಮುಂದೆ ಒಬ್ಬೊಬ್ಬರಾಗಿ ತಂಡ ಬಿಟ್ಟರು. 1981ರ ಹೊತ್ತಿಗೆ ಉಳಿದವರು ಗಾಬಿ, ಗೋರ್ಲ್ ಇಬ್ಬರೇ. ವರ್ಜಿನ್ ಕಂಪನಿಯ ಜೊತೆ ಒಪ್ಪಂದವಾಯಿತು. 'ಆಲೆಸ್ ಇಸ್ಟ್ ಗೂಟ್' ಮತ್ತು 'ಗೋಲ್ಡ್ ಉಂಡ್ ಲೀಬೆ' ಎರಡೂ 1981ರಲ್ಲೇ ಬಂದವು, 'ಫ್ಯೂರ್ ಇಮ್ಮರ್' 1982ರಲ್ಲಿ. ಮೂರನೆಯದು ಬರುವ ಹೊತ್ತಿಗೆ ಜೋಡಿ ಒಡೆದೇ ಹೋಗಿತ್ತು ಅನ್ನಬೇಕು. ಇಬಿಎಂ ಬಗ್ಗೆ ಬರೆಯುವವರು ಇವತ್ತಿಗೂ ತಿರುಗಿ ನೋಡುವುದು ಈ ಮೂರು ಆಲ್ಬಂಗಳ ಕಡೆಗೇ.

ಮೂರನ್ನೂ ನಿರ್ಮಿಸಿದವರು ಕೋನಿ ಪ್ಲಾಂಕ್. ಕಲೋನ್ ನಗರದ ಹತ್ತಿರ ವೋಲ್ಪೆರಾಟ್ ಎಂಬ ಹಳ್ಳಿಯ ತೋಟದ ಮನೆಯಲ್ಲಿ ಅವರ ಸ್ಟುಡಿಯೊ. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಆರಂಭದ ಆಲ್ಬಂಗಳು, ನೋಯ್, ಕ್ಲಸ್ಟರ್ ತಂಡಗಳು ಎಲ್ಲ ಪ್ಲಾಂಕ್ ಕೈಯಲ್ಲಿ ಪಳಗಿದವೇ. ಇರುವ ವಾದ್ಯ ಮೂರೇ ಆದಾಗ ಪ್ರತಿಯೊಂದರ ಮೈಕಟ್ಟೂ ಬಯಲಾಗುತ್ತದೆ. ಮುಚ್ಚಿಡಲು ಏನೂ ಇರುವುದಿಲ್ಲ. ಹಾಗಾಗಿ ಈ ಆಲ್ಬಂಗಳ ಅರ್ಧ ಗುಟ್ಟು ಧ್ವನಿಮುದ್ರಣದಲ್ಲೇ ಇದೆ.

ಕಿವಿಗೆ ಬಿದ್ದದ್ದೇನು

ಡಾಫ್‌ನಂತೆಯೇ ಡಸೆಲ್‌ಡಾರ್ಫ್‌ನದಾದ ಕ್ರಾಫ್ಟ್‌ವೆರ್ಕ್ ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಜಗತ್ತಿನಲ್ಲಿ ಹೆಸರು ತಂದಿತ್ತು. 'ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್' ಎಂಬ ಮಾತನ್ನು 1970ರ ದಶಕದ ಕೊನೆಯಲ್ಲಿ ಸಂದರ್ಶನದಲ್ಲಿ ಆಡಿದ್ದೂ ಕ್ರಾಫ್ಟ್‌ವೆರ್ಕ್‌ನ ರಾಲ್ಫ್ ಹ್ಯೂಟರ್ ಅವರೇ. ಆದರೆ ಕ್ರಾಫ್ಟ್‌ವೆರ್ಕ್ ವೇದಿಕೆಯಲ್ಲಿ ಅಲುಗಾಡದೆ ನಿಲ್ಲುತ್ತಿತ್ತು, ಡ್ರಮ್ ಕೂಡ ಎಲೆಕ್ಟ್ರಾನಿಕ್. ಡಾಫ್‌ಗೆ ಬೇಕಿದ್ದದ್ದು ಬೆವರು.

ಆ ಬೆವರಿನ ಮೂಲ ಡಿಸ್ಕೊದಲ್ಲಿದೆ. 1977ರಲ್ಲಿ ಮ್ಯೂನಿಕ್‌ನಲ್ಲಿ ಜಾರ್ಜಿಯೊ ಮೊರೊಡರ್ ತಂಡ ಡೊನ್ನಾ ಸಮ್ಮರ್‌ಗಾಗಿ ಮಾಡಿದ 'ಐ ಫೀಲ್ ಲವ್' ಹಾಡಿನಲ್ಲಿ ಬೇಸ್ ಪೂರ್ತಿ ಮೂಗ್ ಸಿಂಥ್‌ನದು (ಸಿಂಥ್ ಅಂದರೆ ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ವಾದ್ಯ). ಕಿಕ್ ಡ್ರಮ್ ಮಾತ್ರ ಕೀತ್ ಫೋರ್ಸಿ ಎಂಬ ಡ್ರಮ್ಮರ್ ಕಾಲಲ್ಲಿ ಬಾರಿಸಿದ್ದು, ಯಾಕೆಂದರೆ ಸಿಂಥ್‌ನಿಂದ ಅಷ್ಟು ಗಟ್ಟಿ ಕಿಕ್ ಬರಲಿಲ್ಲ. ಯಂತ್ರದ ಬೇಸ್, ಮನುಷ್ಯನ ಪೆಟ್ಟು: ಡಾಫ್‌ನ ಸೂತ್ರ ಅಲ್ಲೇ ಇತ್ತು. ಡಾಫ್ ಅದರಿಂದ ತಂತಿವಾದ್ಯದಂಥ ನವಿರನ್ನು ತೆಗೆದು ಪಂಕ್‌ನ ಒರಟನ್ನು ತುಂಬಿತು. ಇಬ್ಬರೇ ಸಾಕು ಎಂಬುದಕ್ಕೂ ಮಾದರಿಯಿತ್ತು: ನ್ಯೂಯಾರ್ಕ್‌ನ ಅಲನ್ ವೇಗಾ, ಮಾರ್ಟಿನ್ ರೆವ್ ಅವರ 'ಸೂಯಿಸೈಡ್' ಜೋಡಿ 1977ರಲ್ಲೇ ಒಂದು ಕೀಬೋರ್ಡ್, ಒಂದು ತಾಳಯಂತ್ರ, ಒಂದು ಕಂಠದಲ್ಲಿ ಇಡೀ ಆಲ್ಬಂ ಮಾಡಿತ್ತು.

ಸೀಕ್ವೆನ್ಸರ್: ಎಲ್ಲದರ ಬೆನ್ನೆಲುಬು

ಡಾಫ್ ಬಳಸಿದ ಮುಖ್ಯ ಉಪಕರಣಗಳು ಕೊರ್ಗ್ ಕಂಪನಿಯ ಎಂಎಸ್-20 ಸಿಂಥ್, ಅದರ ಜೋಡಿ ಎಸ್‌ಕ್ಯೂ-10 ಸೀಕ್ವೆನ್ಸರ್, ಜೊತೆಗೆ ಆರ್ಪ್ ಒಡಿಸ್ಸಿ ಎಂಬ ಇನ್ನೊಂದು ಸಿಂಥ್. ಎಂಎಸ್-20 ಬಂದದ್ದು 1978ರಲ್ಲಿ. ಅದು ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತದೆ. ನಾಲ್ಕು ಕೀ ಒಟ್ಟಿಗೆ ಒತ್ತಿದರೂ ಕೇಳುವುದು ಒಂದೇ.

ಸೀಕ್ವೆನ್ಸರ್ ಸದ್ದು ಮಾಡುವುದಿಲ್ಲ. ಸಿಂಥ್‌ಗೆ 'ಈಗ ಈ ಸ್ವರ, ಈಗ ಈ ಸ್ವರ' ಎಂದು ವಿದ್ಯುತ್ತಿನ ಮೂಲಕ ಹೇಳುತ್ತದೆ, ಅಷ್ಟೆ. ಎಸ್‌ಕ್ಯೂ-10ರ ಮುಖದ ಮೇಲೆ ಮೂರು ಸಾಲು, ಸಾಲಿಗೆ 12 ನಾಬ್. ಪ್ರತಿ ನಾಬ್ ಒಂದು ವೋಲ್ಟೇಜ್. ಯಂತ್ರ ಎಡದಿಂದ ಬಲಕ್ಕೆ ಒಂದೊಂದೇ ಹೆಜ್ಜೆ ಇಡುತ್ತ, ಆಯಾ ನಾಬ್‌ನ ವೋಲ್ಟೇಜನ್ನು ಸಿಂಥ್‌ಗೆ ಕಳಿಸಿ, ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುತ್ತದೆ. ಎರಡು ಸಾಲನ್ನು ಕೂಡಿಸಿದರೆ 24 ಹೆಜ್ಜೆ.

ಕಷ್ಟ ಇರುವುದು ಆ ನಾಬ್‌ಗಳಲ್ಲಿ. ಇಂದಿನ ಸಾಫ್ಟ್‌ವೇರ್‌ನಲ್ಲಿ ಸ್ವರ ತಾನಾಗಿ ಸರಿಯಾದ ಜಾಗಕ್ಕೆ ಕೂರುತ್ತದೆ. ಇಲ್ಲಿ ನಾಬ್ ಎಲ್ಲಿ ಬೇಕಾದರೂ ನಿಲ್ಲುತ್ತದೆ, ಕಿವಿಯಲ್ಲೇ ಶ್ರುತಿ ಮಾಡಬೇಕು. ಅದೂ ಎಷ್ಟು ಸೂಕ್ಷ್ಮ ನೋಡಿ. ಹೆಚ್ಚಿನ ಸಿಂಥ್‌ಗಳಲ್ಲಿ ಒಂದು ಸ್ಥಾಯಿಗೆ 1 ವೋಲ್ಟ್, ಒಂದು ಸ್ವರಸ್ಥಾನಕ್ಕೆ ಅದರ ಹನ್ನೆರಡನೇ ಒಂದು ಪಾಲು, ಸುಮಾರು 83 ಮಿಲಿವೋಲ್ಟ್. ಎಂಎಸ್-20ರಲ್ಲಿ ಲೆಕ್ಕವೇ ಬೇರೆ: ಸ್ಥಾಯಿ ಏರಿದಂತೆ ವೋಲ್ಟೇಜ್ ದುಪ್ಪಟ್ಟಾಗಬೇಕು, 1, 2, 4 ಹೀಗೆ. ಆಗ 1 ವೋಲ್ಟ್ ಹತ್ತಿರ ಒಂದು ಸ್ವರಸ್ಥಾನಕ್ಕೆ ಸಿಗುವ ಜಾಗ ಸುಮಾರು 60 ಮಿಲಿವೋಲ್ಟ್ ಮಾತ್ರ, 4 ವೋಲ್ಟ್ ಹತ್ತಿರ ಸುಮಾರು 240. ಅಂದರೆ ಬೇಸ್‌ಗೆ ಬೇಕಾದ ತಗ್ಗು ಸ್ವರಗಳಲ್ಲೇ ನಾಬ್ ಕೂದಲೆಳೆಯಷ್ಟು ತಿರುಗಿದರೂ ಅಪಸ್ವರ.

ಈ ವ್ಯತ್ಯಾಸದಿಂದಲೇ ಎಂಎಸ್-20ರ ಸೀಕ್ವೆನ್ಸರನ್ನು ಆರ್ಪ್ ಒಡಿಸ್ಸಿಗೆ ನೇರ ಜೋಡಿಸಿದರೆ ಸ್ವರಗಳು ಅಡ್ಡಾದಿಡ್ಡಿಯಾಗುತ್ತವೆ. ಸ್ವರ ಶುರುವಾಗು ಎನ್ನುವ ಟ್ರಿಗರ್ ಸಂಕೇತವೂ ಎರಡರಲ್ಲಿ ತಿರುಗುಮುರುಗು: ಒಂದು ವೋಲ್ಟೇಜ್ ಏರಿದಾಗ ಎಚ್ಚರಗೊಂಡರೆ ಇನ್ನೊಂದು ಸೊನ್ನೆಗಿಳಿದಾಗ. ನಡುವೆ ಪರಿವರ್ತಕ ಬೇಕೇ ಬೇಕು. ಇದರ ಮೇಲೆ ಹಳೆಯ ಅನಲಾಗ್ ಸರ್ಕ್ಯೂಟ್ ಬಿಸಿಯಾದಂತೆ ಶ್ರುತಿ ಜಾರುತ್ತದೆ. ಸ್ವಿಚ್ ಹಾಕಿ 15-20 ನಿಮಿಷ ಕಾದು ಆಮೇಲೆ ಶ್ರುತಿ ಮಾಡುವುದು ಅನುಭವಸ್ಥರ ರೂಢಿ.

12 ಹೆಜ್ಜೆಗೆ ಇನ್ನೊಂದು ಗುಣವಿದೆ. ನಾಲ್ಕು ಬಡಿತದ ಆವರ್ತದಲ್ಲಿ, ಬಡಿತಕ್ಕೆ ನಾಲ್ಕರಂತೆ, 16 ಹೆಜ್ಜೆ. ಬೇಸ್ 12ಕ್ಕೇ ತಿರುಗಿದರೆ ಪ್ರತಿ ಸುತ್ತಿನಲ್ಲೂ ಡ್ರಮ್‌ಗಿಂತ ಒಂದು ಬಡಿತ ಮುಂಚೆ ಮುಗಿಯುತ್ತದೆ. ಮೂರು ಆವರ್ತ, ಅಂದರೆ 48 ಹೆಜ್ಜೆ ಆದಮೇಲೆ ಎರಡೂ ಮತ್ತೆ ಸಮಕ್ಕೆ ಬರುತ್ತವೆ. ತಾಳದ ಲೆಕ್ಕ ಗೊತ್ತಿರುವವರಿಗೆ ಇದು ತಕ್ಷಣ ಹೊಳೆಯುತ್ತದೆ. ಒಂದೇ ತುಣುಕು ಮರುಕಳಿಸಿದರೂ ಬೇಸರ ಬರದಿರಲು ಇಂಥ ಜಾರಾಟ ಸಹಾಯಕ.

ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾವಣೆ ಇಲ್ಲದಿರುವುದು ಪಾಶ್ಚಾತ್ಯ ಪಾಪ್ ಕೇಳುಗರಿಗೆ ವಿಚಿತ್ರ ಅನ್ನಿಸುತ್ತದೆ. ನಮಗೆ ಅಷ್ಟು ಅನ್ನಿಸಲಾರದು. ಶ್ರುತಿಪೆಟ್ಟಿಗೆ ಕಛೇರಿ ಪೂರ್ತಿ ಒಂದೇ ಷಡ್ಜ ಹಿಡಿದಿರುವಂತೆ ಇಲ್ಲಿನ ಬೇಸ್ ಕೂಡ ಒಂದು ಆಧಾರ ಸ್ವರವನ್ನು ಬಿಡದೆ ಬಡಿಯುತ್ತದೆ.

ಡ್ರಮ್ ಮಾತ್ರ ಮನುಷ್ಯನದು ಯಾಕೆ

ನಿಮಿಷಕ್ಕೆ 120 ಬಡಿತದಲ್ಲಿ ಒಂದು ಹೆಜ್ಜೆ 125 ಮಿಲಿಸೆಕೆಂಡ್. ಸೀಕ್ವೆನ್ಸರ್ ಆ ಅಂತರವನ್ನು ಹಾಗೇ ಇಟ್ಟುಕೊಂಡು ಹೋಗುತ್ತದೆ. ಡ್ರಮ್ಮರ್ ಹಾಗಲ್ಲ. ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಪೆಟ್ಟು ಸುಮಾರು 10 ಮಿಲಿಸೆಕೆಂಡ್ ಮುಂಚೆ ಬಿದ್ದರೆ ಹಾಡು ಮುಂದಕ್ಕೆ ನೂಕಿದಂತೆ, ತಡವಾದರೆ ಹಿಂದಕ್ಕೆ ಜಗ್ಗಿದಂತೆ ಅನ್ನಿಸುತ್ತದೆ. 30 ಮೀರಿದರೆ ಒಂದರ ಬದಲು ಎರಡು ಪೆಟ್ಟು ಕೇಳತೊಡಗಿ ಕೆಟ್ಟುಹೋಗುತ್ತದೆ. ಆ ಸಣ್ಣ ಕಿಂಡಿಯಲ್ಲೇ ಗೋರ್ಲ್ ಅವರ ಕೈಚಳಕ. ಯಂತ್ರ ಮನುಷ್ಯನನ್ನು ಅನುಸರಿಸುವುದಿಲ್ಲ, ಮನುಷ್ಯನೇ ಯಂತ್ರವನ್ನು ಕೇಳಿಸಿಕೊಂಡು ಬಾರಿಸಬೇಕು. ಹಾಗಾಗಿ ಡ್ರಮ್ಮರ್‌ಗೆ ಬೇಸ್ ಜೋರಾಗಿ ಕೇಳಿಸಲೇಬೇಕು. ವೇದಿಕೆಯ ಮಾನಿಟರ್ ಸ್ಪೀಕರ್ ಮಂಕಾದರೆ ಎರಡೇ ಆವರ್ತದಲ್ಲಿ ಇಬ್ಬರೂ ಬೇರೆಬೇರೆ ದಾರಿ ಹಿಡಿಯುತ್ತಾರೆ.

ಮಾತು, ಮೈ, ವಿವಾದ

'ಆಲೆಸ್ ಇಸ್ಟ್ ಗೂಟ್' ಆಲ್ಬಂನ 'ಡೆರ್ ಮುಸೊಲಿನಿ' ಹಾಡೇ ಡಾಫ್‌ಗೆ ಹೆಸರು ತಂದದ್ದು, ವಿವಾದವನ್ನೂ ತಂದದ್ದು. ಅದರಲ್ಲಿ ಮುಸೊಲಿನಿ, ಹಿಟ್ಲರ್, ಯೇಸು, ಕಮ್ಯುನಿಸಂ ಎಲ್ಲವೂ ಕುಣಿತದ ಹೆಸರುಗಳಾಗಿ ಬರುತ್ತವೆ; ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂಬಂಥ ಆಜ್ಞೆಗಳ ನಡುವೆ. ಹಿಟ್ಲರ್ ಹೆಸರೇ ಮೈ ನಡುಗಿಸುವ ದೇಶದಲ್ಲಿ, ಕತ್ತರಿಸಿದ ಕೂದಲು, ಕಪ್ಪು ಚರ್ಮದ ಉಡುಪು ತೊಟ್ಟ ಇಬ್ಬರು ಹೀಗೆ ಹಾಡಿದಾಗ ಫ್ಯಾಸಿಸ್ಟರೆಂಬ ಆರೋಪ ಬಂತು. ಎಲ್ಲ ಸಿದ್ಧಾಂತಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಕುಣಿತದ ಹೆಜ್ಜೆಯ ಮಟ್ಟಕ್ಕೆ ಇಳಿಸಿದರೆ ಅವುಗಳ ಭಯಭಕ್ತಿ ಹೋಗುತ್ತದೆ ಎಂಬುದು ಜೋಡಿಯ ಕಡೆಯ ವಾದದ ಸಾರ. ಹಾಡು ಯಾರನ್ನೂ ಹೊಗಳುವುದಿಲ್ಲ ಎಂಬುದಂತೂ ಪೂರ್ತಿ ಕೇಳಿದವರಿಗೆ ತಿಳಿಯುತ್ತದೆ. ಚರ್ಮದ ಉಡುಪಿನ ಹಿಂದೆ ಸೇನೆಯಷ್ಟೇ ಸಲಿಂಗಿ ಕ್ಲಬ್‌ಗಳ ಶೈಲಿಯೂ ಇತ್ತು. 1980ರ 'ಕೆಬಾಬ್-ಟ್ರಾಯ್ಮೆ' ಜರ್ಮನಿಯ ಟರ್ಕಿಶ್ ವಲಸಿಗರನ್ನು, ಅವರ ಬಗೆಗಿನ ಭಯವನ್ನು ಕುರಿತದ್ದು. ವಲಸೆ ಬಂದ ಹುಡುಗನೊಬ್ಬ ಹಾಡಿದ್ದು ಎಂಬುದನ್ನು ಮರೆತು ಅದನ್ನು ಕೇಳಲಾಗದು.

ಮನೆಯಲ್ಲೇ ಕಟ್ಟಿ ನೋಡುವುದಾದರೆ

ಕೊರ್ಗ್ 2013ರಲ್ಲಿ ಎಂಎಸ್-20ರ ಚಿಕ್ಕ ಮರು ಆವೃತ್ತಿ ತಂದಿತು; ಅದಿಲ್ಲದಿದ್ದರೆ ಯಾವುದೇ ಉಚಿತ ಸಾಫ್ಟ್‌ವೇರ್ ಸಿಂಥ್ ನಡೆಯುತ್ತದೆ.

ವೇಗ ನಿಮಿಷಕ್ಕೆ 120 ಇಡಿ (ಈ ಶೈಲಿಯ ಹಾಡುಗಳು ಹೆಚ್ಚಾಗಿ 110ರಿಂದ 130ರೊಳಗೆ ಇರುತ್ತವೆ). ಸಿಂಥ್ ಒಂದೇ ಸ್ವರದ ಮೋನೋ ಸ್ಥಿತಿಯಲ್ಲಿರಲಿ. ಎರಡು ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ): ಒಂದು ಗರಗಸದ ಹಲ್ಲಿನಾಕಾರದ ಅಲೆ, ಇನ್ನೊಂದು ಚೌಕಾಕಾರದ್ದು, ಒಂದು ಸ್ಥಾಯಿ ಮೇಲೆ. ಷಡ್ಜವನ್ನು 55 ಹರ್ಟ್ಸ್‌ಗೆ ಇಟ್ಟುಕೊಳ್ಳಿ. 16 ಹೆಜ್ಜೆಯನ್ನು ಹೀಗೆ ತುಂಬಬಹುದು: 1, 2, 4, 5, 6ರಲ್ಲಿ ಷಡ್ಜ, 7ರಲ್ಲಿ ಮೇಲಿನ ಷಡ್ಜ, 3 ಮತ್ತು 8 ಖಾಲಿ. 9ರಿಂದ 12ರವರೆಗೆ ಮೊದಲ ನಾಲ್ಕರಂತೆ. 13ರಲ್ಲಿ ಷಡ್ಜ, 14ರಲ್ಲಿ ಸಾಧಾರಣ ಗಾಂಧಾರ, 15ರಲ್ಲಿ ಮೇಲಿನ ಷಡ್ಜ, 16ರಲ್ಲಿ ಕೈಶಿಕಿ ನಿಷಾದ.

ಇನ್ನು ಸ್ವರದ ಆಕಾರ. ಅಟ್ಯಾಕ್ (ಸ್ವರ ಏರುವ ಹೊತ್ತು) ಸೊನ್ನೆ, ಡಿಕೇ (ಇಳಿಯುವ ಹೊತ್ತು) 150ರಿಂದ 200 ಮಿಲಿಸೆಕೆಂಡ್, ಸಸ್ಟೇನ್ (ಇಳಿದ ಮೇಲೆ ನಿಲ್ಲುವ ಮಟ್ಟ) ಸೊನ್ನೆ. ಗೇಟ್, ಅಂದರೆ ಕೀ ಒತ್ತಿ ಹಿಡಿದಂತೆ ಇರುವ ಹೊತ್ತು, ಹೆಜ್ಜೆಯ ಅರ್ಧ, ಅಂದರೆ 60 ಮಿಲಿಸೆಕೆಂಡ್ ಆಸುಪಾಸು. ಮೇಲಿನ ಸದ್ದನ್ನು ತಡೆಯುವ ಲೋಪಾಸ್ ಫಿಲ್ಟರ್ ಅರ್ಧಕ್ಕಿಂತ ಕಡಿಮೆ ತೆರೆದಿಟ್ಟು, ಪ್ರತಿ ಸ್ವರಕ್ಕೂ ಎನ್ವೆಲಪ್ (ಈ ಏರಿಳಿತದ ಆಕಾರ) ಅದನ್ನು ಚಣಕಾಲ ತೆರೆಯುವಂತೆ ಮಾಡಿ. ಆ 'ಟಕ್' ಅಂಚೇ ಕುಣಿಸುವುದು. ಸಾಧ್ಯವಿದ್ದರೆ ಸಿಂಥ್‌ನ ಸದ್ದನ್ನು ಗಿಟಾರ್ ಆಂಪ್‌ಗೆ ಬಿಟ್ಟು, ಎದುರಿಗೆ ಮೈಕ್ ಇಟ್ಟು ಮತ್ತೆ ಮುದ್ರಿಸಿ. ಕೋಣೆಯ ಗಾಳಿ ಸೇರಿ ಸದ್ದಿಗೆ ಮೈ ಬರುತ್ತದೆ.

ಕಿಕ್ ನಾಲ್ಕೂ ಬಡಿತಕ್ಕೆ, ಸ್ನೇರ್ 2 ಮತ್ತು 4ಕ್ಕೆ. ಡ್ರಮ್ ಕಂಪ್ಯೂಟರಿನದಾದರೆ ಸ್ನೇರ್ 5-8 ಮಿಲಿಸೆಕೆಂಡ್ ಮುಂಚೆ ಬೀಳುವಂತೆ ಸರಿಸಿ ನೋಡಿ. ಕಂಠದಲ್ಲಿ ನಾಲ್ಕೈದು ಪದದ ಒಂದೇ ಸಾಲು, ಮೈಕ್‌ಗೆ ಹತ್ತಿರ ನಿಂತು, ಪ್ರತಿಧ್ವನಿ ಸೇರಿಸದೆ. ಏರಿಳಿತಕ್ಕೆ ಹೊಸ ವಾದ್ಯ ತರಬೇಡಿ. ಫಿಲ್ಟರ್ ನಾಬನ್ನು ಕೈಯಲ್ಲಿ ತಿರುಗಿಸಿ, ನಾಲ್ಕು ಆವರ್ತ ಬೇಸ್ ನಿಲ್ಲಿಸಿ ಡ್ರಮ್ ಮಾತ್ರ ಬಿಡಿ.

ಸದ್ದು ಕೆಸರಾದರೆ ಸಾಮಾನ್ಯವಾಗಿ ಕಾರಣ ಡಿಕೇ ಉದ್ದವಾದದ್ದು. ಒಂದು ಸ್ವರದ ಬಾಲ ಇನ್ನೊಂದರ ತಲೆಯವರೆಗೂ ಚಾಚಿ ನಡುವಿನ ಬಿಡುವನ್ನು ತುಂಬಿಬಿಡುತ್ತಿರುತ್ತದೆ. ಕಿಕ್ ಕಾಣೆಯಾದರೆ ಬೇಸ್ ಅದರ ಜಾಗ ತಿಂದಿದೆ: ಕಿಕ್‌ನ ತಳ ತಗ್ಗಿಸಿ, 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಅದರ ಪೆಟ್ಟಿನ ಸದ್ದು ಏರಿಸಿ. ಮೊಬೈಲ್ ಸ್ಪೀಕರ್‌ನಲ್ಲಿ ಬೇಸೇ ಕೇಳದಿದ್ದರೆ ಫಿಲ್ಟರ್ ತೀರ ಮುಚ್ಚಿದೆ ಎಂದರ್ಥ. 55 ಹರ್ಟ್ಸನ್ನು ಆ ಪುಟ್ಟ ಸ್ಪೀಕರ್ ಹೊರಡಿಸಲಾರದು, ಅದರ ಮೇಲಿನ ಹಾರ್ಮೋನಿಕ್‌ಗಳಿಂದಲೇ (ಮೂಲ ಸ್ವರದ ಜೊತೆ ಹುಟ್ಟುವ ಎತ್ತರದ ಸದ್ದುಗಳಿಂದಲೇ) ಕಿವಿ ಅದನ್ನು ಊಹಿಸಿಕೊಳ್ಳಬೇಕು. ಖಾಲಿ ಅನ್ನಿಸಿತೆಂದು ಹಿನ್ನೆಲೆಗೆ ಕಾರ್ಡ್ ತುಂಬಿದರೆ ಅದು ಸಿಂಥ್-ಪಾಪ್ ಆಗುತ್ತದೆ. ಚೆನ್ನಾಗಿಯೇ ಇರಬಹುದು, ಆದರೆ ಇಬಿಎಂ ಅಲ್ಲ.

ಆಮೇಲೆ

ಬೆಲ್ಜಿಯಂನ ಫ್ರಂಟ್ 242 ತಂಡ 1984ರ ಹೊತ್ತಿಗೆ ತನ್ನ ಸಂಗೀತಕ್ಕೆ ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್ ಎಂಬ ಹೆಸರನ್ನೇ ಇಟ್ಟುಕೊಂಡಿತು. ಇಂಗ್ಲೆಂಡಿನ ನಿಟ್ಸರ್ ಎಬ್ 1987ರಲ್ಲಿ ಮೊದಲ ಆಲ್ಬಂ ತಂದದ್ದು ಡಾಫ್‌ನ ಹಳೆಯ ಮನೆಯಾದ ಮ್ಯೂಟ್‌ನಿಂದಲೇ, ಘೋಷಣೆಯಂಥ ಹಾಡುಗಾರಿಕೆಯಲ್ಲಿ ಹೋಲಿಕೆ ಎದ್ದು ಕಾಣುತ್ತದೆ. ಡಾಫ್ ಬಿಟ್ಟ ಕ್ರಿಸ್ಲೊ ಹಾಸ್ ಸೇರಿ ಕಟ್ಟಿದ ಲಿಯೆಸಾಂ ದಾಂಜರೂಸ್ ತಂಡದ 1981ರ ಹಾಡುಗಳು ಶಿಕಾಗೊ, ಡೆಟ್ರಾಯ್ಟ್ ಕ್ಲಬ್‌ಗಳಲ್ಲಿ ಮೊಳಗಿದವು. ಹೌಸ್, ಟೆಕ್ನೋ ಎಂಬ ಕುಣಿತದ ಸಂಗೀತ ಶೈಲಿಗಳು ಹುಟ್ಟಿದ್ದು ಆ ಊರುಗಳಲ್ಲೇ. ಬೆಲ್ಜಿಯಂ ಡಿಜೆಗಳು ಇಬಿಎಂ ತಟ್ಟೆಗಳನ್ನು ನಿಮಿಷಕ್ಕೆ 45 ಸುತ್ತಿನ ಬದಲು 33 ಸುತ್ತಿನ ವೇಗದಲ್ಲಿ, ಪಿಚ್ ಶೇ 8 ಏರಿಸಿ ಬಿಟ್ಟಾಗ ನಿಧಾನದ 'ನ್ಯೂ ಬೀಟ್' ಶೈಲಿ ಬಂತು.

ಗಾಬಿ, ಗೋರ್ಲ್ 1986ರಲ್ಲಿ ಇಂಗ್ಲಿಷ್ ಹಾಡುಗಳೊಂದಿಗೆ, 2003ರಲ್ಲಿ 15 ಹೊಸ ಜರ್ಮನ್ ಹಾಡುಗಳೊಂದಿಗೆ ಮತ್ತೆ ಕೂಡಿದರು. ಗಾಬಿ 2020ರ ಮಾರ್ಚ್ 22ರಂದು ಪೋರ್ಚುಗಲ್‌ನಲ್ಲಿ ತೀರಿಕೊಂಡರು, 61 ವರ್ಷಕ್ಕೆ. ಮರುವರ್ಷ ಗೋರ್ಲ್ ಒಬ್ಬರೇ ಡಾಫ್ ಹೆಸರಿನಲ್ಲಿ ಒಂದು ಆಲ್ಬಂ ತಂದರು.

ಎಲ್ಲಿಂದ ಕೇಳುವುದು

'ಆಲೆಸ್ ಇಸ್ಟ್ ಗೂಟ್' ಆಲ್ಬಂನ 'ಸಾಟೊ-ಸಾಟೊ', 'ಡೆರ್ ಮುಸೊಲಿನಿ', 'ಡೆರ್ ರೊಯ್ಬರ್ ಉಂಡ್ ಡೆರ್ ಪ್ರಿನ್ಸ್' ಮೂರನ್ನೂ ಕೇಳಿ. ಕೊನೆಯದರಲ್ಲಿ ಗಾಬಿ ಕೂಗುವುದಿಲ್ಲ, ಪಿಸುಗುಡುತ್ತಾರೆ. ಕಳ್ಳನೊಬ್ಬ, ರಾಜಕುಮಾರನೊಬ್ಬ, ಅವರ ಪ್ರೇಮ. ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಬೇಸನ್ನಷ್ಟೇ ಹಿಂಬಾಲಿಸಿ, ಎರಡನೇ ಸಲ ಡ್ರಮ್‌ನ ಸ್ನೇರನ್ನು. ಭಾಷೆ ಬರದಿದ್ದರೂ ಅಡ್ಡಿಯಿಲ್ಲ. ಅದಾದ ಮೇಲೆ 'ಐ ಫೀಲ್ ಲವ್', ಅದರ ಬೆನ್ನಿಗೇ ನಿಟ್ಸರ್ ಎಬ್ ಕೇಳಿದರೆ ಹತ್ತು ವರ್ಷದ ನಂಟು ಅರ್ಧ ಗಂಟೆಯಲ್ಲಿ ಕಿವಿಗೆ ಸಿಗುತ್ತದೆ.